ಗಾಬ್ರಿಯೇಲಾ ಸಿಲಾಂಗ್

ಪತಿಯನ್ನು ಕಳೆದುಕೊಂಡ ಹೆಂಗಸಿಗೆ ಲೋಕವು ಮನೆಯ ಮೂಲೆಯನ್ನು ತೋರಿಸುವುದು ವಾಡಿಕೆ. ಫಿಲಿಪೈನ್ ದ್ವೀಪಗಳ ಗಾಬ್ರಿಯೇಲಾ ಸಿಲಾಂಗಳ ಚರಿತ್ರೆಯನ್ನೋದುವಾಗಲೆಲ್ಲ ಈ ಮಾತು ನನ್ನ ಮನಸ್ಸಿಗೆ ಬರುತ್ತದೆ.

೧೭೬೨ರಲ್ಲಿ ಚೆನ್ನಪಟ್ಟಣದಿಂದ ಹೊರಟ ಇಂಗ್ಲಿಷರ ಸೈನ್ಯವು ಸ್ಪೇನಿನವರ ಕೈಯಿಂದ ಮನಿಲಾ ನಗರವನ್ನು ಕಿತ್ತುಕೊಂಡಿತು. ಆ ಸಮಯದಲ್ಲಿ ಉತ್ತರದ ಇಲೋಕೋಸ್ ಸೀಮೆಯ ಜನರು ಸ್ಪೇನಿನವರ ತಲೆಗಂದಾಯಕ್ಕೂ ಬಿಟ್ಟಿ ದುಡಿಮೆಗೂ ಬೇಸತ್ತು, ದಿಯೆಗೋ ಸಿಲಾಂಗನೆಂಬವನ ಮುಂದಾಳುತನದಲ್ಲಿ ದಂಗೆಯೆದ್ದು ವಿಗಾನ್ ಪಟ್ಟಣವನ್ನು ವಶಪಡಿಸಿಕೊಂಡರು. ೧೭೬೩ನೆಯ ಮೇ ೨೮ರಂದು ಮಿತ್ರನಾಗಿದ್ದ ಮಿಗೆಲ್ ವಿಕೋಸನೇ ದಿಯೆಗೋವನ್ನು ಗುಂಡಿಟ್ಟು ಕೊಂದನು.

ಆತನ ಪತ್ನಿ ಗಾಬ್ರಿಯೇಲಾ ಆಬ್ರಾದ ಬೆಟ್ಟಗಳನ್ನು ಸೇರಿದಳು. ಅಲ್ಲಿಯೇ ಅಡಗಿ ಬಾಳಬಹುದಾಗಿತ್ತು. ಆದರೆ ಆಕೆಯು ಬೆಟ್ಟದ ಜನರನ್ನೂ ಕೂಡಿಸಿಕೊಂಡು ದಂಡುಕಟ್ಟಿ, ಸೆಪ್ಟೆಂಬರ್ ೧೦ರಂದು ವಿಗಾನಿನ ಮೇಲೆ ಏರಿಬಂದಳು. ಸ್ಪೇನಿನವರು ಸಿದ್ಧರಾಗಿದ್ದರು, ದಂಡು ಸೋತಿತು. ಸೆರೆಸಿಕ್ಕ ಗಾಬ್ರಿಯೇಲಾಳನ್ನು ಅದೇ ತಿಂಗಳಲ್ಲಿ ವಿಗಾನಿನಲ್ಲಿ ಗಲ್ಲಿಗೇರಿಸಿದರು. ಆಗ ಆಕೆಗೆ ವಯಸ್ಸು ೩೨.

ಗಂಡನ ಸೇಡಿಗಾಗಿ ಕತ್ತಿ ಹಿಡಿದ ಸತಿಯೆಂದು ಈಕೆಯನ್ನು ಹೊಗಳುವವರುಂಟು. ಆ ಹೊಗಳಿಕೆಯು ನನಗೆ ಸಾಲದೆಂದು ತೋರುತ್ತದೆ. ಸೇಡು ಕೊಲೆಗಾರನೊಬ್ಬನ ಸಾವಿನಿಂದ ತೀರೀತು. ತಲೆಗಂದಾಯವೂ ಬಿಟ್ಟಿಯೂ ಅದರಿಂದ ತೀರುವುವೇ? ಆಕೆಯು ಮುತ್ತಿದುದು ಆಳರಸರ ನೆಲೆಯಾದ ಪಟ್ಟಣವನ್ನು. ಮೂರೂವರೆ ತಿಂಗಳ ಕಾಲ ದಂಗೆಯ ಹೊಣೆಯೆಲ್ಲ ಆಕೆಯ ಹೆಗಲ ಮೇಲಿದ್ದಿತು. ಬರಿಯ ವಿಧವೆಯೆಂದು ಬಗೆದಿದ್ದರೆ ಸ್ಪೇನಿನವರು ಅವಳಿಗೆ ನೇಣು ಬಿಗಿಯುತ್ತಿದ್ದರೆ? ಆಕೆಯು ಯಾರೆಂಬುದನ್ನು ಹೊಗಳುವ ನಮಗಿಂತ ಕೊಂದ ಅವರೇ ಚೆನ್ನಾಗಿ ಅರಿತಿದ್ದರು.