ಒಂದು ಎಕರೆ ಹೈಬ್ರಿಡ್ ಭತ್ತ ನಮಗೆ ಕಲಿಸಿದ್ದು

ನಮ್ಮದು ಮಂಡ್ಯ ಜಿಲ್ಲೆಯ ಊರು, ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಹೈಬ್ರಿಡ್ ಭತ್ತ ನಮಗೆ ಹೊಸದೇನಲ್ಲ. ಕೆಆರ್‌ಎಚ್-2 ತಳಿ ಹುಟ್ಟಿದ್ದೇ ಮಂಡ್ಯದ ವಿ.ಸಿ. ಫಾರಂನಲ್ಲಿ, 1996ರಲ್ಲಿ ಬಿಡುಗಡೆಯಾಯಿತು. ಆದರೂ ನಮ್ಮ ಬಯಲಲ್ಲಿ ಅದನ್ನು ಬೆಳೆಯುವವರು ಕಡಿಮೆ.

ಯಾಕೆ? ಕಾಲೇಜಿನಲ್ಲಿ ಓದುವಾಗ 'ರೈತರಿಗೆ ಮಾಹಿತಿ ಕೊರತೆ' ಎಂದು ಬರೆದು ಅಂಕ ತಗೊಂಡವರು ನಾವು, ಅಣ್ಣ ತಮ್ಮ ಇಬ್ಬರೂ. ಊರಿಗೆ ಬಂದು ಬೇಸಾಯಕ್ಕೆ ಇಳಿದ ಮೇಲೆ ಅದು ಅರ್ಧ ಉತ್ತರ ಅಂತ ಗೊತ್ತಾಯ್ತು.

ಮೊದಲ ವರ್ಷ ಒಂದು ಎಕರೆಗೆ ಹಾಕಿದೆವು. ಮಾಮೂಲಿ ಭತ್ತಕ್ಕೆ ಎಕರೆಗೆ 25 ಕೆಜಿ ಬಿತ್ತನೆ ಬೇಕು, ಅದು ಮನೆಯಲ್ಲೇ ಇರುತ್ತಿತ್ತು. ಹೈಬ್ರಿಡ್‌ಗೆ 6ರಿಂದ 8 ಕೆಜಿ ಸಾಕು, ಆದರೆ ದುಡ್ಡು ಕೊಟ್ಟು ತರಬೇಕು. ಗುಣಿಗೆ ಒಂದೋ ಎರಡೋ ಪೈರು ನೆಡಿ ಅಂದಾಗ ನಾಟಿಯವರು ನಕ್ಕರು: 'ಇಷ್ಟ್ರಲ್ಲಿ ಗದ್ದೆ ತುಂಬ್ತದಾ?'

ತುಂಬಿತು. ಪಕ್ಕದ ಗದ್ದೆಗಿಂತ ನಾಲ್ಕು ಮೂಟೆ ಹೆಚ್ಚೇ ಬಂತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಮಾರುವಾಗ ಸದ್ದಡಗಿತು. ವ್ಯಾಪಾರಿ ಕಾಳು ಉಜ್ಜಿ ನೋಡಿ 'ದಪ್ಪ ಅಕ್ಕಿ' ಅಂದ, ಸಣ್ಣ ಭತ್ತಕ್ಕಿಂತ ರೇಟು ಇಳಿಸಿದ. ಬೆಂಬಲ ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಇಲ್ಲ. 2024-25ರಲ್ಲಿ ಕ್ವಿಂಟಲ್‌ಗೆ ಸಾಮಾನ್ಯ ಭತ್ತಕ್ಕೆ 2300, ಎ ಗ್ರೇಡ್‌ಗೆ 2320 ರೂಪಾಯಿ. ಆದರೆ ಖರೀದಿ ಕೇಂದ್ರಕ್ಕೆ ಕಾಯಬೇಕಲ್ಲ? ಕೈಸಾಲದವರು ಬಾಗಿಲಲ್ಲಿ ನಿಂತಿದ್ದರು. ಹೆಚ್ಚು ಬಂದ ನಾಲ್ಕು ಮೂಟೆಯ ಲಾಭ ಅಲ್ಲೇ ಕರಗಿತು.

ಎರಡನೇ ವರ್ಷದ ತಪ್ಪು ನಮ್ಮದೇ. ಮತ್ತೆ ಬೀಜಕ್ಕೆ ಯಾಕೆ ದುಡ್ಡು ಅಂತ ಅದೇ ಭತ್ತವನ್ನು ಬಿತ್ತನೆಗೆ ಇಟ್ಟೆವು. ಹೈಬ್ರಿಡ್ ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ. ಅದರ ಬೆಳೆಯನ್ನೇ ಮತ್ತೆ ಬಿತ್ತಿದರೆ ಗುಣ ಒಡೆಯುತ್ತದೆ. ಒಂದು ಪೈರು ಎತ್ತರ, ಒಂದು ಗಿಡ್ಡ. ಒಂದು ಕಡೆ ತೆನೆ ಮಾಗಿದ್ದರೆ ಇನ್ನೊಂದು ಕಡೆ ಹಾಲುಗಾಳು. ಆ ವರ್ಷ ಸಂಘದ ಸಾಲ ಗಡುವಿನೊಳಗೆ ಕಟ್ಟಲಾಗಲಿಲ್ಲ. ಬಡ್ಡಿ ಇಲ್ಲದ ಸಾಲಕ್ಕೆ ಬಡ್ಡಿ ಬಿತ್ತು.

'ಇಪ್ಪತ್ತೈದು ವರ್ಷದಿಂದ ನಾನು ಬೀಜ ಎತ್ತಿಡ್ತಿದ್ದೀನಿ, ಒಂದು ಸಲನಾದ್ರೂ ಹಿಂಗಾಗಿತ್ತಾ?' ಅಂದಳು ಅವ್ವ. ನಮ್ಮಲ್ಲಿ ಉತ್ತರ ಇರಲಿಲ್ಲ.

ನೀರಿನ ಮಾತು ಬೇರೆ. ಹೈಬ್ರಿಡ್ ಪೈರನ್ನು 21ರಿಂದ 25 ದಿನದೊಳಗೆ ನಾಟಿ ಮಾಡಬೇಕು. ನಾಲೆಯ ಕೊನೆಯವರಿಗೆ ನೀರು ಯಾವತ್ತು ತಲುಪುತ್ತೋ ಯಾರು ಬಲ್ಲರು? ಮನೆ ಬೀಜದ ಪೈರು ಬಲಿತು ಹಾಳಾದರೆ ಇನ್ನೊಂದು ಸಲ ಚೆಲ್ಲಬಹುದು. ಕೊಂಡು ತಂದ ಬೀಜದ ಪೈರು ಬಲಿತರೆ ದುಡ್ಡೇ ಹೋಯಿತು. ಬೋರ್‌ವೆಲ್ ಇರುವವರು ಧೈರ್ಯ ಮಾಡುತ್ತಾರೆ, ಇಲ್ಲದವರು ಹಿಂಜರಿಯುತ್ತಾರೆ. ಅದು ಹಠ ಅಲ್ಲ, ಲೆಕ್ಕ.

ಈಗ ನಾವು ಹತ್ತು ಗುಂಟೆಗೆ ಮಾತ್ರ ಹಾಕುತ್ತೇವೆ, ಪ್ರತಿ ವರ್ಷ ಹೊಸ ಬೀಜ ತಂದು. ಎರಡು ಕೆಜಿ ಸಾಕು. ಉಳಿದದ್ದೆಲ್ಲ ಸಣ್ಣ ಭತ್ತ, ಅವ್ವನ ಬೀಜ. ನೀವೂ ಹಾಕುವುದಾದರೆ ಇಳುವರಿ ಎಷ್ಟು ಅಂತ ಕೇಳುವ ಮೊದಲು ನಿಮ್ಮ ಕಡೆಯ ವ್ಯಾಪಾರಿ ಆ ಭತ್ತವನ್ನು ಯಾವ ರೇಟಿಗೆ ಕೊಳ್ಳುತ್ತಾನೆ ಅಂತ ವಿಚಾರಿಸಿ. ಬೀಜದ ಬಿಲ್ಲು, ಖಾಲಿ ಚೀಲ ಎರಡನ್ನೂ ಬೆಳೆ ಮನೆಗೆ ಬರುವ ತನಕ ಎಸೆಯಬೇಡಿ.