ಹೊಳೆಯ ತವರಲ್ಲಿ ಎರಡು ರಾತ್ರಿ

"ಟೆಂಟಿನಾಗ ಮಲಗಾಕ ಅಷ್ಟು ದೂರ ಯಾಕೋ? ಹೊಲದಾಗ ಗುಡಿಸಲೈತಲ್ಲ!"

ಕ್ಯಾಂಪಿಂಗ್ ಹೋಗೋಣ ಅಂದಾಗ ಅಪ್ಪ ಹೇಳಿದ್ದು ಇಷ್ಟೇ. ಮಾತು ಸುಳ್ಳೇನಲ್ಲ. ನಮ್ಮದು ಸಿರುಗುಪ್ಪ ತಾಲ್ಲೂಕಿನ ಭತ್ತದ ಮನೆತನ. ಎಲ್‌ಎಲ್‌ಸಿ ಕಾಲುವೆಯ ಕೊನೆ ಭಾಗದಲ್ಲಿ ನಮ್ಮ ಹೊಲ. ನೀರಿನ ಸರದಿ ರಾತ್ರಿ ಎಷ್ಟು ಗಂಟೆಗೆ ಬರುತ್ತೋ ಹೇಳೋಕಾಗಲ್ಲ. ಟಾರ್ಚು, ಕಂಬಳಿ ಹಿಡಿದು ತೂಬಿನ ಪಕ್ಕ ಮಲಗೋದು ಅಪ್ಪನಿಗೆ ಮೂವತ್ತು ವರ್ಷದ ಅಭ್ಯಾಸ. ನಾನು ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಳೆಗಾಲದಲ್ಲಿ ದಿನಾ ಒಂದೇ ಫೋನು: "ಡ್ಯಾಮು ಎಷ್ಟಾತು ನೋಡು."

2024ರ ಆಗಸ್ಟ್ 10ರ ರಾತ್ರಿ ಆ ಡ್ಯಾಮೇ ಕೈಕೊಟ್ಟಿತು. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಾಟಿ ಮಾಡಿದ ಗದ್ದೆ ಮುಂದೆ, ಕೂಡಿಟ್ಟ ನೀರು ಹೊಳೆ ಪಾಲು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ಹರಿವು ತಡೆದರು, ಆಮೇಲೆ ಮಳೆಯೂ ಕೈಹಿಡಿಯಿತು. ಆದರೆ ಆ ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಆಗಲೇ ಅನಿಸಿತು, ಈ ಮನುಷ್ಯನಿಗೆ ಹೊಳೆ ಅಂದ್ರೆ ಬರೀ ಚಿಂತೆ. ಒಂದ್ಸಲನಾದ್ರೂ ಸುಮ್ನೆ ಹೊಳೆ ತೋರಿಸಬೇಕು ಅಂತ.

ಕೊಯ್ಲು ಮುಗಿಸಿ ಡಿಸೆಂಬರ್‌ನಲ್ಲಿ ಹೊರಟೆವು. ಕಾರು ಓಡಿಸಿದ್ದು ಕುರುಗೋಡಿನ ನನ್ನ ಗೆಳೆಯ. ಅವನೂರಲ್ಲಿ ಬೆಟ್ಟ ಅಂದ್ರೆ ಬರೀ ಬಂಡೆಗಲ್ಲು. ಚಿತ್ರದುರ್ಗ, ಕಡೂರು, ಚಿಕ್ಕಮಗಳೂರು ದಾಟಿ ಬಾಳೆಹೊನ್ನೂರಿನ ಹತ್ತಿರ ಹಸಿರು ಶುರುವಾದಾಗ ಅವನು ಗಾಡಿ ನಿಧಾನ ಮಾಡಿ, "ಇಲ್ಲಿ ಕಲ್ಲೇ ಕಾಣಂಗಿಲ್ಲಲ್ಲೋ" ಅಂದ. ಕಳಸ, ಕುದುರೆಮುಖ ದಾಟಿ ಸಂಜೆಗೆ ಭಗವತಿ ತಲುಪಿದೆವು. ರಾಷ್ಟ್ರೀಯ ಉದ್ಯಾನದೊಳಗೆ, ಭದ್ರಾ ದಡದಲ್ಲೇ ಇರೋ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದು. ಮೊದಲೇ ಬುಕ್ ಮಾಡಿದ್ದೆವು. ನಮ್ಮ ಯಾರ ಫೋನಿಗೂ ನೆಟ್‌ವರ್ಕ್ ಸಿಗಲಿಲ್ಲ.

ಅಪ್ಪ ಚಪ್ಪಲಿ ಬಿಟ್ಟು ನೇರ ನೀರಿನ ಹತ್ತಿರ ಹೋದ. ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಈ ಕಡೆಯಿಂದ ಆ ಕಡೆಗೆ ಮಾತಾಡಿದ್ರೆ ಕೇಳಿಸುವಷ್ಟೇ ಅಗಲ.

"ಇಷ್ಟ ಸಣ್ಣದೇನೋ ನಮ್ಮ ಹೊಳಿ?"

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋ ಗಂಗಾಮೂಲ ಇದೇ ಬೆಟ್ಟಸಾಲಲ್ಲಿದೆ, ಭದ್ರೆ ಲಕ್ಕವಳ್ಳಿ ಡ್ಯಾಮು ದಾಟಿ ಕೂಡಲಿಯಲ್ಲಿ ತುಂಗೆಯನ್ನು ಸೇರ್ತಾಳೆ, ಆಮೇಲೆ ಹರಿಹರ, ಹೊಸಪೇಟೆ, ಕಂಪ್ಲಿ, ನಮ್ಮೂರು ಅಂತ ಬೆರಳು ಮಡಚಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ನೀರು ನೋಡಿ, "ಇಲ್ಲಿ ತೂಬು ಇಲ್ಲ, ಜಗಳಾನೂ ಇಲ್ಲ" ಅಂತ ನಕ್ಕ.

ರಾತ್ರಿ ಚಳಿ ಜೋರಿತ್ತು. ಊಟದ ಮೇಲೆ ಕುದುರೆಮುಖದ ಗಣಿ ಕತೆ ಬಂತು. ಇಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಜನ ಹೋರಾಡಿದರು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಬಳ್ಳಾರಿಯವರಿಗೆ ಅದಿರಿನ ಕತೆ ಬಿಡಿಸಿ ಹೇಳಬೇಕಾ? ಲಾರಿಗಳ ಕೆಂಪು ಧೂಳು ಕುಡಿದೇ ಬೆಳೆದವರು ನಾವು. 2011ರಲ್ಲಿ ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನೂ ಅದೇ ಕೋರ್ಟ್ ನಿಲ್ಲಿಸಿತ್ತು, ಆಮೇಲೆ ಷರತ್ತು ಹಾಕಿ ಬಿಟ್ಟಿತು.

"ಹಂಗಾದ್ರ ನಮ್ಮ ಡ್ಯಾಮಿನ ಹೂಳು ಇಲ್ಲಿಂದನ ಬಂದೈತೇನು?" ಅಪ್ಪ ಕೇಳಿದ. ಹಾಗೆ ಹೇಳೋಕಾಗಲ್ಲ, ನಡುವೆ ಲಕ್ಕವಳ್ಳಿ ಡ್ಯಾಮು ಇದೆ ಅಂದೆ. ಆದರೆ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ನಮ್ಮ ಜಲಾಶಯ ಈಗ ಹಿಡಿಯೋದು ಸುಮಾರು 105. ಎಲ್ಲಿಯದೋ ಗುಡ್ಡದ, ಎಲ್ಲಿಯದೋ ಹೊಲದ ಮಣ್ಣು ಅದು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಕೆಳಗ ಕುಂತು ಗೇಟು ಕಾಯ್ತೀವಿ. ಕಾಯಬೇಕಾದ್ದು ಇಲ್ಲೈತಿ" ಅಂದ.

ಬೆಳಗಿನ ಜಾವ ಎಚ್ಚರವಾದಾಗ ಅಪ್ಪನ ಹಾಸಿಗೆ ಖಾಲಿ. ಗಾಬರಿಯಾಗಿ ಹೊರಗೆ ಓಡಿದೆ. ಮಂಜಿನಲ್ಲಿ, ದಡದ ಬಂಡೆ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮನೆಯಲ್ಲಿ ನೀರಿನ ಸರದಿ ಕಾಯುವಾಗ ಕೂರುತ್ತಿದ್ದ ಹಾಗೇ. ಆದರೆ ಪಕ್ಕದಲ್ಲಿ ಟಾರ್ಚಿರಲಿಲ್ಲ, ಸಲಿಕೆಯಿರಲಿಲ್ಲ. ಮರದಲ್ಲೊಂದು ಹಕ್ಕಿ ಮನುಷ್ಯರ ಹಾಗೆ ಸಿಳ್ಳೆ ಹಾಕುತ್ತಿತ್ತು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬಿಸಿಲು ಬರೋವರೆಗೂ ಇಬ್ಬರೂ ಮಾತಾಡಲಿಲ್ಲ. ಅಪ್ಪನ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ಯಾವಾಗ ಅಂತ ನೆನಪೇ ಆಗಲಿಲ್ಲ.

ಎರಡನೇ ರಾತ್ರಿನೂ ಕಳೆದು ಹೊರಡುವಾಗ, ತಂದಿದ್ದ ಪ್ಲಾಸ್ಟಿಕ್ ಎಲ್ಲ ವಾಪಸ್ ಬ್ಯಾಗಿಗೆ ತುಂಬಿದೆವು. ಅಪ್ಪ ಒಂದು ಬಿಸ್ಕೆಟ್ ಕವರಿಗಾಗಿ ಕಾರಿನಿಂದ ಇಳಿದು ವಾಪಸ್ ಹೋದ. "ಇದು ಇಲ್ಲಿ ಬಿದ್ರ ನಮ್ಮ ಗದ್ದಿಗೇ ಬರ್ತೈತಿ" ಅಂತ ನಮ್ಮಿಬ್ಬರಿಗೂ ಬೈದ.

ನೀವೂ ಹೋಗಿ. ರೀಲ್ಸ್‌ಗಲ್ಲ, ನಿಮ್ಮ ಮನೆ ನಲ್ಲಿಯ ನೀರು ಎಲ್ಲಿಂದ ಬರುತ್ತೆ ಅಂತ ನೋಡೋಕೆ. ಆದ್ರೆ ಮನೆಯ ಹಿರಿಯರನ್ನ ಕರ್ಕೊಂಡು ಹೋಗಿ.

ಈ ಮಳೆಗಾಲದಲ್ಲೂ ಅಪ್ಪನ ಫೋನು ಬಂತು. ಪ್ರಶ್ನೆ ಮಾತ್ರ ಬೇರೆ.

"ಕಳಸದಾಗ ಮಳಿ ಹೆಂಗೈತಿ ನೋಡು."