ನಾರಾದ ಉಗ್ರಾಣ

ಮಕ್ಕಳೇ, ಜಪಾನಿನ ನಾರಾ ಊರನ್ನು ನಡೆದೇ ನೋಡಬೇಕು. ರೈಲಿಳಿದು ಪೂರ್ವಕ್ಕೆ ಹತ್ತು ನಿಮಿಷ ಹೆಜ್ಜೆ ಹಾಕಿದರೆ ಜಿಂಕೆಗಳು ಎದುರಾಗುತ್ತವೆ. ಬೇಲಿಯಿಲ್ಲ, ಹಗ್ಗವಿಲ್ಲ. ಸಾವಿರಕ್ಕೂ ಹೆಚ್ಚು ಜಿಂಕೆಗಳು ಉದ್ಯಾನದಲ್ಲಿ, ರಸ್ತೆಯಲ್ಲಿ ನಮ್ಮೂರ ದನಗಳ ಹಾಗೆ ಓಡಾಡಿಕೊಂಡಿವೆ. ಅವಕ್ಕೆಂದೇ ಮಾರುವ ಬಿಸ್ಕತ್ತು ಕೈಯಲ್ಲಿದ್ದರೆ ತಲೆ ಬಾಗಿಸಿ ಕೇಳುತ್ತವೆ. ತಡವಾದರೆ ಅಂಗಿಯನ್ನೇ ಎಳೆಯುತ್ತವೆ!

ಕಾಡಿನಂಚಿನಲ್ಲಿ ಕಾಸುಗಾ ದೇಗುಲವಿದೆ. 768ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಯ ದೇವರು ಬಿಳಿ ಜಿಂಕೆಯೇರಿ ಬಂದನೆಂದು ಜನರ ನಂಬಿಕೆ. ಹಾಗಾಗಿ ಇಲ್ಲಿ ಜಿಂಕೆಗಳಿಗೆ ಅಷ್ಟು ಮರ್ಯಾದೆ. ದಾರಿಯ ಎರಡೂ ಬದಿ ಪಾಚಿಗಟ್ಟಿದ ಕಲ್ಲಿನ ದೀಪಸ್ತಂಭಗಳು. ದೇಗುಲದೊಳಗೆ ತೂಗುವ ಲೋಹದ ದೀಪಗಳು. ಒಟ್ಟು ಸುಮಾರು 3,000. ಎಲ್ಲವೂ ಭಕ್ತರು ಹರಕೆ ಹೊತ್ತು ಕೊಟ್ಟವು. ಕೈ, ಬಾಯಿ ತೊಳೆದು ಒಳಗೆ ಹೋಗಬೇಕು. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿಯ ಪದ್ಧತಿ.

ಅಲ್ಲಿಂದ ಉತ್ತರಕ್ಕೆ ನಡೆದರೆ ತೋದಾಯ್‌ಜಿ. ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕುಳಿತಿದ್ದಾನೆ. 752ರಲ್ಲಿ ಇದರ ನೇತ್ರೋನ್ಮೀಲನ ಮಾಡಿದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ರೇಷ್ಮೆ ದಾರ ಕಟ್ಟಿದ್ದರು. ನೆರೆದವರೆಲ್ಲ ಆ ದಾರ ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವೂ ದಾರವೂ ಇಂದಿಗೂ ಉಳಿದಿವೆ!

ಎಲ್ಲಿ? ಬುದ್ಧನ ಮಂದಿರದ ಹಿಂದೆ, ಐದಾರು ನಿಮಿಷ ನಡೆದರೆ ಶೋಸೋಯಿನ್ ಎಂಬ ಮರದ ಉಗ್ರಾಣವಿದೆ. ಅದನ್ನು ಹೊರಗಿನಿಂದಷ್ಟೇ ನೋಡಬಹುದು. 756ರಲ್ಲಿ ಚಕ್ರವರ್ತಿ ಶೋಮು ತೀರಿಕೊಂಡಾಗ ರಾಣಿ ಕೋಮ್ಯೋ ಆತನ 600ಕ್ಕೂ ಹೆಚ್ಚು ವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದಳು. ಜೊತೆಗೆ ಒಂದೊಂದನ್ನೂ ವಿವರವಾಗಿ ಬರೆಸಿದಳು. ಆ ಪಟ್ಟಿಯ ಮೇಲೆಲ್ಲ ರಾಜಮುದ್ರೆ ಒತ್ತಿಸಿದಳು. 60 ಬಗೆಯ ಔಷಧಿಗಳಿಗೆ ಬೇರೆಯೇ ಪಟ್ಟಿ. ರೋಗಿಗಳಿಗೆ ಬೇಕಾದಾಗ ತೆಗೆದು ಕೊಡಿ ಎಂದಳು. ಅವುಗಳಲ್ಲಿ ಕರಿಮೆಣಸೂ ಇತ್ತು. ಅದರ ತವರು ನಮ್ಮ ಪಶ್ಚಿಮ ಘಟ್ಟ!

"ತಾತ, ಮರದ ಮನೆಯಲ್ಲಿ ಇಷ್ಟು ವರ್ಷ ಹೇಗೆ ಉಳಿಯಿತು?" ಎಂದಳು ಮೊಮ್ಮಗಳು.

ನೆಲದಿಂದ ಎತ್ತರಕ್ಕೆ ಕಂಬಗಳ ಮೇಲೆ ಕಟ್ಟಿದ್ದಾರೆ, ತೇವ ತಾಕುವುದಿಲ್ಲ. ಒಳಗೆ ಮರದ ಪೆಟ್ಟಿಗೆಗಳು. ಬಾಗಿಲಿಗೆ ಚಕ್ರವರ್ತಿಯ ಮೊಹರು. ಅವರ ಅಪ್ಪಣೆಯಿಲ್ಲದೆ ತೆರೆಯುವಂತಿಲ್ಲ. ವಸ್ತುಗಳನ್ನು ಈಗ ಹೊಸ ಕಟ್ಟಡಗಳಿಗೆ ಸಾಗಿಸಿದ್ದರೂ ಪ್ರತಿ ಶರತ್ಕಾಲದಲ್ಲಿ ಮೊಹರು ಬಿಡಿಸಿ, ಪರೀಕ್ಷಿಸಿ, ಮತ್ತೆ ಮೊಹರು ಹಾಕುತ್ತಾರೆ. ಬ್ಯಾಂಕಿನಲ್ಲಿ ಲೆಡ್ಜರು ಬರೆದು, ಇಬ್ಬರು ಸೇರಿ ಎರಡು ಬೀಗದ ಕೈಯಿಂದ ಸ್ಟ್ರಾಂಗ್ ರೂಂ ತೆರೆದು ನಿವೃತ್ತನಾದ ನನಗೆ ಇದನ್ನು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಮಯದಲ್ಲೇ ಸುಮಾರು 9,000 ವಸ್ತುಗಳಲ್ಲಿ ಅರವತ್ತರಷ್ಟನ್ನು ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೋರಿಸುತ್ತಾರೆ. 1946ರಲ್ಲಿ ಶುರುವಾದ ಪ್ರದರ್ಶನ ಅದು. ನಾವು ಸಾಲಿನಲ್ಲಿ ನಿಂತಾಗ ಮುಂದೆ ಶಾಲೆಯ ಮಕ್ಕಳು, ಹಿಂದೆ ಊರುಗೋಲು ಹಿಡಿದ ಅಜ್ಜಿಯರು.

ನಮ್ಮ ಮನೆಯಲ್ಲೊಂದು ತಾಮ್ರದ ತಂಬಿಗೆಯಿದೆ. ಅದರ ಕಂಠದಲ್ಲಿ ಎರಡಕ್ಷರ ಕೊರೆದಿದೆ. ಅದು ಯಾರ ಹೆಸರೆಂದು ತಿಳಿದಿದ್ದ ನಮ್ಮಮ್ಮ ಈಗಿಲ್ಲ. ತಂಬಿಗೆ ಉಳಿಯಿತು, ಹೆಸರು ಹೋಯಿತು. ನಾರಾದಲ್ಲಿ ವಸ್ತುವಿನ ಜೊತೆ ಅದರ ಹೆಸರೂ ಉಳಿದಿದೆ, ಬರೆದಿಟ್ಟದ್ದರಿಂದ.

ಮಕ್ಕಳೇ, ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಜ್ಜ ಅಜ್ಜಿಯ ಪಕ್ಕ ಕೂತು ಮನೆಯ ಹಳೆಯ ಕೊಡ, ಸೇರು, ಗಡಿಯಾರ, ರೇಷ್ಮೆ ಸೀರೆಗಳ ಪಟ್ಟಿ ಮಾಡಿ. ಯಾರದು, ಎಲ್ಲಿಂದ ಬಂತು, ಯಾರ ಮದುವೆಯದು ಎಂದು ಕೇಳಿ ಬರೆಯಿರಿ. ಪ್ರತಿವರ್ಷ ದೀಪಾವಳಿಗೆ ಪಾತ್ರೆ ಬೆಳಗುವಾಗ ಪಟ್ಟಿ ತೆಗೆದು ತಾಳೆ ನೋಡಿ. ಮೊಹರು ಬೇಕಿಲ್ಲ, ಕೆಳಗೆ ಅಜ್ಜಿಯ ರುಜು ಇದ್ದರೆ ಸಾಕು.